ಕೆ.ಜಿ. ರಾಯರು

ಬನಶಂಕರಿ ಎರಡನೇ ಹಂತದ ನಮ್ಮ ಕೆ.ಜಿ. ರಾಯರ ಹೆಸರಿನಲ್ಲಿ ಕೆ. ಅಂದರೆ ಕಡೂರು, ಜಿ. ಅಂದರೆ ಗೋವಿಂದ. ಇದು ಅವರ ಪಿಂಚಣಿ ಪುಸ್ತಕಕ್ಕೆ ಮಾತ್ರ ಗೊತ್ತಿರುವ ಸತ್ಯ. ಬೀದಿಯವರ ಪಾಲಿಗೆ ಕೆ.ಜಿ. ಅಂದರೆ ಕಿಲೋಗ್ರಾಂ. ಯಾವ ಮನೆಯ ಮಗನೋ ಮಗಳೋ ಸೊಸೆಯೋ ಪರದೇಶಕ್ಕೆ ವಿಮಾನ ಹತ್ತುವುದಿದ್ದರೂ ಪುರೋಹಿತರಿಗಿಂತ ಮೊದಲು ಹೇಳಿಕಳುಹಿಸುವುದು ರಾಯರಿಗೆ. ಪುರೋಹಿತರು ರಾಹುಕಾಲ ನೋಡದಿದ್ದರೂ ವಿಮಾನ ಅದರ ಹೊತ್ತಿಗೆ ಹೊರಡುತ್ತದೆ. ರಾಯರು ತೂಕ ನೋಡದಿದ್ದರೆ ಪೆಟ್ಟಿಗೆ ಹೊರಡುವುದಿಲ್ಲ.

ರಾಯರು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ 34 ವರ್ಷ ಸವೆಸಿದವರು. ಬೀರೂರು, ಅರಸೀಕೆರೆ, ಹುಬ್ಬಳ್ಳಿ, ಕೊನೆಗೆ ಬೆಂಗಳೂರು. ಅಷ್ಟು ವರ್ಷ ಮೂಟೆಗಳ ನಡುವೆ ಬಾಳಿದವರಿಗೆ ಎದುರು ಬಂದವರ ಮುಖಕ್ಕಿಂತ ಮೊದಲು ಕೈಚೀಲ ಕಾಣುವುದು ಸಹಜ. ನಾನು ತರಕಾರಿ ಹಿಡಿದು ಬರುತ್ತಿದ್ದರೆ ಗೇಟಿನಲ್ಲಿ ನಿಂತೇ, “ನಾಲ್ಕೂಕಾಲು ಇರಬೇಕಲ್ಲ?” ಎನ್ನುತ್ತಾರೆ. ನಮಸ್ಕಾರ ಆಮೇಲೆ. ಮನೆಗೆ ಬಂದು ಲೆಕ್ಕ ಹಾಕಿದರೆ ನಾಲ್ಕು ಕಿಲೋ ಚಿಲ್ಲರೆ. ಉಳಿದ ಗ್ರಾಂ ಎಲ್ಲಿಂದ ಬಂತು ಎಂದು ಹುಡುಕಿದರೆ ಚೀಲದ ತಳದಲ್ಲಿ ಅಂಗಡಿಯವನು ಪುಕ್ಕಟೆ ಹಾಕಿದ ಕೊತ್ತಂಬರಿ ಸೊಪ್ಪು.

ಅವರ ಸಲಕರಣೆಗಳೆಲ್ಲ ಒಂದು ಖಾಕಿ ಕೈಚೀಲದಲ್ಲಿರುತ್ತವೆ. ಹಳೆಯ ಹಿತ್ತಾಳೆ ಮುಖದ ಸ್ಪ್ರಿಂಗ್ ತಕ್ಕಡಿ ಒಂದು, ದರ್ಜಿ ಟೇಪು ಒಂದು, ದಪ್ಪ ಮಾರ್ಕರ್ ಪೆನ್ನು, ಕಂದು ಬಣ್ಣದ ಅಂಟುಪಟ್ಟಿ, ಪೆಟ್ಟಿಗೆಯ ಹಿಡಿಗೆ ಕಟ್ಟಲು ಕೆಂಪು ರಿಬ್ಬನ್ನು. ಇವೆಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಒಂದು ದೊಡ್ಡ ಖಾಲಿ ಚೀಲ. ಇದಕ್ಕೆ ಅವರು ಇಟ್ಟ ಹೆಸರು ‘ವಾಪಸ್ ಚೀಲ’. ಇದರ ಮಹಿಮೆ ಮುಂದೆ ತಾನಾಗಿ ತಿಳಿಯುತ್ತದೆ.

ರಾಯರಂಥವರು ನಮ್ಮ ಬೀದಿಯ ಸ್ವತ್ತೇನಲ್ಲ. ಮಲ್ಲೇಶ್ವರದಲ್ಲಿದ್ದಾರೆ, ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ, ದಾವಣಗೆರೆಯಲ್ಲೂ ಮಂಗಳೂರಿನಲ್ಲೂ ಇದ್ದಾರೆ. ಕೆಲವು ಮನೆತನಗಳಲ್ಲಿ ಈ ಪಟ್ಟ ಚಿಕ್ಕಪ್ಪನಿಗೆ ಸೇರಿದೆ. ಕೆಲವು ಕಡೆ ಮೂರು ಬಾಣಂತನ ಮುಗಿಸಿಕೊಂಡು ಮೂರು ಸಲ ಅಮೆರಿಕ ಕಂಡುಬಂದ ಸೋದರತ್ತೆಗೆ. ಇವರೆಲ್ಲರಿಗೂ ಒಂದೇ ಲಕ್ಷಣ: ಪೆಟ್ಟಿಗೆ ನಿಮ್ಮದು, ಸಾಮಾನು ನಿಮ್ಮದು, ದುಡ್ಡು ನಿಮ್ಮದು, ತೀರ್ಪು ಮಾತ್ರ ಅವರದು.

ನಮ್ಮ ಮನೆಯ ಸರದಿ ಬಂದದ್ದು ಕಳೆದ ಆಗಸ್ಟ್‌ನಲ್ಲಿ. ಮಗಳಿಗೆ ಟೆಕ್ಸಾಸಿನಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತ್ತು. ವೀಸಾ ಬಂದ ದಿನ ನಾನು ಸಿಹಿ ಹಂಚಲು ಹೋದರೆ ರಾಯರು ಡಬ್ಬದಿಂದ ಒಂದು ಮೈಸೂರು ಪಾಕು ಎತ್ತಿ ಅಂಗೈಯಲ್ಲಿ ಕುಣಿಸಿ, “ಮೂವತ್ತೈದು ಗ್ರಾಂ. ಮಗುವಿಗೆ ಒಳ್ಳೇದಾಗ್ಲಿ. ಯಾವ ವಿಮಾನ? ಎಷ್ಟು ನಗ?” ಎಂದರು.

“ನಗವೇ?” ಎಂದೆ. ಮಗಳ ಮೈಮೇಲೆ ಇದ್ದದ್ದು ಒಂದು ಸರ, ಎರಡು ಓಲೆ.

“ಒಡವೆ ಅಲ್ಲ ಸ್ವಾಮಿ. ನಗ ಅಂದ್ರೆ ಪೀಸು. ದುಬೈ, ದೋಹಾ ಕಡೆ ಹೋಗೋರಿಗೆ ಸಾಮಾನ್ಯವಾಗಿ ಒಟ್ಟು ತೂಕದ ಲೆಕ್ಕ. ಅಮೆರಿಕಕ್ಕೆ ನಗದ ಲೆಕ್ಕ. ಎರಡು ನಗ, ತಲಾ 23 ಕಿಲೋ. ಒಂದರಲ್ಲಿ 25, ಇನ್ನೊಂದರಲ್ಲಿ 21 ತುಂಬ್ಕೊಂಡು ಹೋಗಿ, ಕೂಡಿದ್ರೆ 46 ಆಗತ್ತಲ್ಲ ಅಂತ ಕೌಂಟರಿನಲ್ಲಿ ಗಣಿತ ಹೇಳ್ಬೇಡಿ. ಅವರಿಗೆ ಕೂಡೋದು ಬರಲ್ಲ, ಕಳೆಯೋದು ಮಾತ್ರ ಬರತ್ತೆ. ಅದೂ ನಿಮ್ಮ ಜೇಬಿಂದ.”

ಮಾರನೆಯ ದಿನವೇ ಬಂದು ಹೊಸ ಪೆಟ್ಟಿಗೆಗಳಿಗೆ ಟೇಪು ಹಿಡಿದರು. ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರು ದಾಟಬಾರದು, ಚಕ್ರವೂ ಲೆಕ್ಕಕ್ಕೆ ಸೇರಿತು. ಮದುವೆಗೆ ಹೆಣ್ಣು ನೋಡಲು ಬಂದವರು ಜಾತಕ ನೋಡುವಂತೆ ಪೆಟ್ಟಿಗೆಯ ಒಳಗೂ ಹೊರಗೂ ನೋಡಿ, ಖಾಲಿ ಪೆಟ್ಟಿಗೆಯನ್ನೇ ಎತ್ತಿ ನಿಟ್ಟುಸಿರು ಬಿಟ್ಟರು. “ಇದೇ ನಾಲ್ಕೂವರೆ ಇದೆ. ಎರಡು ಸೇರಿ ಒಂಬತ್ತು. ನಿಮಗೆ ಉಳಿದದ್ದು ಮೂವತ್ತೇಳು. ಅಂಗಡಿಯವನು ಗಟ್ಟಿ ಪೆಟ್ಟಿಗೆ ಅಂತ ಹೇಳಿರ್ತಾನೆ. ಗಟ್ಟಿ ಇರೋದೆಲ್ಲ ಭಾರ ಸ್ವಾಮಿ, ಮನುಷ್ಯರಲ್ಲೂ ಅಷ್ಟೆ.”

ಅವರು ಮನಸಾರೆ ಗೌರವಿಸುವ ನಿಯಮ ಒಂದಿದೆ. ಒಂದು ನಗ 32 ಕಿಲೋ ದಾಟಿದರೆ ಎಷ್ಟು ದುಡ್ಡು ಸುರಿದರೂ ಸಾಮಾನ್ಯವಾಗಿ ಲಗೇಜಿಗೆ ಸೇರಿಸಿಕೊಳ್ಳುವುದಿಲ್ಲ. “ಉಳಿದ ನಿಯಮ ಎಲ್ಲ ವಿಮಾನಕ್ಕೋಸ್ಕರ ಮಾಡಿದ್ದು. ಇದೊಂದು ಮಾತ್ರ ಎತ್ತೋ ಹಮಾಲಿ ಬೆನ್ನು ನೆನೆಸ್ಕೊಂಡು ಮಾಡಿದ್ದು” ಎನ್ನುವಾಗ ಅವರ ಧ್ವನಿ ಸ್ವಲ್ಪ ಇಳಿಯುತ್ತದೆ. ಬೀರೂರಿನ ಪ್ಲಾಟ್‌ಫಾರಂ ಕಣ್ಣಮುಂದೆ ಬರುತ್ತದೆಂದು ಕಾಣುತ್ತದೆ.

ಹೊರಡುವ ದಿನಕ್ಕೆ ಒಂದು ವಾರ ಇದೆ ಎನ್ನುವಾಗ ನನ್ನ ಹೆಂಡತಿ ಹಜಾರದಲ್ಲಿ ಹಳೆಯ ಜಮಖಾನ ಹಾಸಿ ಸಾಮಾನು ಹರಡಿದಳು. ಸಾರಿನ ಪುಡಿ, ಹುಳಿಪುಡಿ, ಬಿಸಿಬೇಳೆ ಪುಡಿ, ವಾಂಗಿಬಾತ್ ಪುಡಿ, ಮೂರು ಬಗೆಯ ಚಟ್ನಿಪುಡಿ. ಪುಳಿಯೋಗರೆ ಗೊಜ್ಜು. ಬ್ಯಾಡಗಿ ಮೆಣಸಿನಕಾಯಿ, ಗುಂಟೂರು ಮೆಣಸಿನಕಾಯಿ, ಇವೆರಡರ ಜಗಳ ಬಿಡಿಸಲು ಬಾಳಕದ ಮೆಣಸಿನಕಾಯಿ. ಹಪ್ಪಳ, ಸಂಡಿಗೆ, ರಾಗಿಹಿಟ್ಟು, ಅವಲಕ್ಕಿ. ಕೋಡುಬಳೆ, ನಿಪ್ಪಟ್ಟು, ತೇಂಗೊಳಲು. ಕಾಫಿಪುಡಿ. ಸಾಗರದ ತವರಿನಿಂದ ಬಂದ ಅಪ್ಪೆಮಿಡಿ ಉಪ್ಪಿನಕಾಯಿ, ಎರಡು ಕಿಲೋ ಡಬ್ಬ. ಶುಂಠಿ, ಇಂಗು, ಓಮ, ಮತ್ತು ಜ್ವರಕ್ಕೆ, ನೆಗಡಿಗೆ, ಹೊಟ್ಟೆಗೆ ಮಾತ್ರೆಗಳು. ಈ ಜಮಖಾನದ ಅಂಚಿನಲ್ಲಿ, ಜಾಗ ಸಿಗದೆ ನಿಂತ ಬಡ ನೆಂಟರ ಹಾಗೆ, ಮಗಳ ಬಟ್ಟೆ ಮತ್ತು ಎರಡು ಪುಸ್ತಕ.

“ಅಮ್ಮಾ, ನಾನು ಹೋಗ್ತಿರೋದು ಊರಿಗೆ, ನಡುಗಡ್ಡೆಗಲ್ಲ” ಎಂದಳು ಮಗಳು. “ಅಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ಇದೆ. 1974ರಲ್ಲೇ ಶಿಕಾಗೋದಲ್ಲಿ ಶುರುವಾಗಿದ್ದು. ಡಾಲಸ್ ಕಡೆಯೂ ಇದೆ. ಎಲ್ಲಾ ಸಿಗತ್ತೆ.”

“ಸಿಗಲಿ. ಆ ಪಟೇಲನಿಗೆ ನನ್ನ ಹುಳಿಪುಡಿ ಗೊತ್ತಾ?”

ಇದಕ್ಕೆ ಉತ್ತರವಿಲ್ಲ. ಅನಿವಾಸಿ ಮಕ್ಕಳ ಜಗತ್ತಿನಲ್ಲಿ ಈ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ರಾಯರು ಬಂದು ಜಮಖಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಕೋಲು ಹಿಡಿದ ಮೇಷ್ಟರಂತೆ ಮಾರ್ಕರ್ ಪೆನ್ನಿನ ತುದಿಯಲ್ಲಿ ಒಂದೊಂದನ್ನೇ ಮುಟ್ಟುತ್ತ ಬಂದರು. “ರವೆ ಇಡ್ಲಿ ಪ್ಯಾಕೆಟ್ಟು ಬೇಡ ತಾಯಿ. ಎಂ.ಟಿ.ಆರ್. ಪ್ಯಾಕೆಟ್ಟು ಹಡಗು ಹತ್ತಿ ಯಾವತ್ತೋ ಅಲ್ಲಿಗೆ ಹೋಗಿ ಕೂತಿದೆ. ಅದರ ಹಿಂದೆ ವಿಮಾನದಲ್ಲಿ ಅದರ ತಮ್ಮನ್ನ ಯಾಕೆ ಕಳಿಸ್ತೀರಿ? ಈ ಮಿಕ್ಸಿನೂ ಬೇಡ. ಇಲ್ಲಿ 230 ವೋಲ್ಟು, ಅಲ್ಲಿ 120. ತಿರುಗತ್ತೆ, ಆದ್ರೆ ಗಾಣದೆತ್ತಿನ ಹಾಗೆ. ಬೇಕೇ ಬೇಕು ಅಂದ್ರೆ 110 ವೋಲ್ಟಿನದು ಇಲ್ಲೇ ಸಿಗತ್ತೆ. ಕುಕ್ಕರ್ ಇರ್ಲಿ. ಒಳಗೇನು ತುಂಬಿದೀರಿ?”

“ಖಾಲಿ” ಎಂದಳು ಹೆಂಡತಿ.

ರಾಯರ ಮುಖದಲ್ಲಿ ಅಷ್ಟು ನೋವನ್ನು ನಾನು ಕಂಡದ್ದು ಅದೇ ಮೊದಲು. ಖಾಲಿ ಕುಕ್ಕರ್ ಕಳಿಸುವುದೆಂದರೆ ಅವರ ಶಾಸ್ತ್ರದಲ್ಲಿ ಖಾಲಿ ಮೊರದಲ್ಲಿ ಬಾಗಿನ ಕೊಟ್ಟ ಹಾಗೆ. ಅರ್ಧ ಗಂಟೆಯಲ್ಲಿ ಕುಕ್ಕರಿನೊಳಗೆ ಕಾಫಿ ಫಿಲ್ಟರು, ಫಿಲ್ಟರಿನೊಳಗೆ ಏಲಕ್ಕಿ ಲವಂಗ, ಸುತ್ತಲಿನ ಸಂದಿನಲ್ಲಿ ಆರು ಜೊತೆ ಕಾಲುಚೀಲ, ಅದರೊಳಗೆ ಗ್ಯಾಸ್ಕೆಟ್ಟು ಸೇರಿದವು. ಹೊಟ್ಟೆ ಬಿರಿದ ಕುಕ್ಕರಿನ ಮೇಲೆ ಮುಚ್ಚಳ ಕೂತಿತು. ಎಕ್ಸ್‌ರೇಯಲ್ಲಿ ಅದನ್ನು ನೋಡುವವರ ಪಾಡು ಅವರಿಗೆ.

ಆಮೇಲೆ ಕೊಬ್ಬರಿಯ ಸರದಿ. ತಿಪಟೂರಿನ ಗಿಟುಕು, ಹನ್ನೆರಡು. ಒಣಕೊಬ್ಬರಿಯನ್ನು ಲಗೇಜಿನಲ್ಲಿ ಬಿಡುವುದಿಲ್ಲ ಎಂದು ಹೇಳುವಾಗ ಮಾತ್ರ ರಾಯರಿಗೆ ವಿಮಾನಲೋಕದ ಮೇಲೆ ಸಿಟ್ಟು ಬರುತ್ತದೆ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಒತ್ತಾಗಿ ತುಂಬಿದರೆ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂಬುದು ವಿಮಾನದವರ ಭಯ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಸ್ವಂತದ ಒಂದು ನಂಬರೇ ಇದೆ: 1363. “ಅರಸೀಕೆರೇಲಿ ಇದ್ದಾಗ ಎಷ್ಟು ಸಾವಿರ ಮೂಟೆ ಕೊಬ್ಬರಿಗೆ ರಶೀದಿ ಹರಿದಿದೀನೋ ಲೆಕ್ಕ ಇಲ್ಲ. ಒಂದು ಮೂಟೆ ಹೊಗೆ ಬಿಟ್ಟಿಲ್ಲ. ಹೊಗೆ ಬಿಟ್ಟಿದ್ದು ಸ್ಟೇಷನ್ ಮಾಸ್ಟರು ಒಬ್ಬರೇ. ಈಗ ನೋಡಿ, ಕಲ್ಪವೃಕ್ಷದ ಕಾಯಿಗೆ ಕೈದಿ ನಂಬರು!” ಎಂದು ಗಿಟುಕನ್ನು ಕೆಳಗಿಟ್ಟರು. ಮರುಗಳಿಗೆಯಲ್ಲಿ ಸಮಾಧಾನ ತಂದುಕೊಂಡು, “ಚಟ್ನಿಪುಡಿ ಒಳಗೆ ಎಷ್ಟು ಬೇಕಾದ್ರೂ ತುರಿದು ಹಾಕಿ ತಾಯಿ. ಪುಡಿಗೆ ನಂಬರಿಲ್ಲ” ಎಂದರು.

ಹಸಿ ಕರಿಬೇವಿನ ಕಟ್ಟು ಒಂದು ಮಗಳ ಸ್ವೆಟರಿನೊಳಗೆ ಅಡಗಿತ್ತು. ರಾಯರ ಮೂಗಿಗೆ ಅದು ತಪ್ಪಲಿಲ್ಲ. ಕರಿಬೇವಿನ ಗಿಡದಲ್ಲಿ ಬಾಳುವ ಸಾಸಿವೆ ಗಾತ್ರದ ಒಂದು ಕೀಟ ನಿಂಬೆ ಕಿತ್ತಳೆ ಗಿಡಗಳಿಗೆ ರೋಗ ಹಬ್ಬಿಸುತ್ತದೆ. ಫ್ಲೋರಿಡಾದ ಕಿತ್ತಳೆ ತೋಟಗಳಲ್ಲಿ ಆ ರೋಗ 2005ರಲ್ಲಿ ಕಾಣಿಸಿಕೊಂಡು ಬೆಳೆಗಾರರ ಬಾಯಿಗೆ ಮಣ್ಣು ಹಾಕಿದೆ. ಹಾಗಾಗಿ ನಮ್ಮ ಒಗ್ಗರಣೆಯ ಎಲೆಯನ್ನು ಅಲ್ಲಿಯವರು ಬಾಂಬಿನಂತೆ ನೋಡುತ್ತಾರೆ. “ಉಳಿದ ತಿಂಡಿ ಎಲ್ಲ ‘ಇದೆ’ ಅಂತ ಬಾಯಿಬಿಟ್ಟು ಹೇಳು ಮಗೂ. ಹೇಳಿದ್ರೆ ನೋಡ್ತಾರೆ, ಬೇಡದ್ದನ್ನ ತೆಗೀತಾರೆ, ಕಳಿಸ್ತಾರೆ. ಬಚ್ಚಿಟ್ರೆ ದಂಡ. ಪವರ್ ಬ್ಯಾಂಕು ಮಾತ್ರ ಪೆಟ್ಟಿಗೆಗೆ ಹಾಕ್ಬೇಡ, ಕೈಚೀಲದಲ್ಲಿರ್ಲಿ. ಉಪ್ಪಿನಕಾಯಿ, ತುಪ್ಪ ಕೈಚೀಲಕ್ಕೆ ಹಾಕ್ಬೇಡ. ನೂರು ಎಂ.ಎಲ್. ದಾಟಿದ್ರೆ ಅವೂ ದ್ರವ ಪದಾರ್ಥವೇ.” ಹೀಗೆ ಉಪದೇಶ ಒಂದೇ ಉಸಿರಿನಲ್ಲಿ ಮುಗಿಯಿತು.

ರಾಯರ ನಿಜವಾದ ಉಪಕಾರ ಗೊತ್ತಾಗುವುದು ನೆಂಟರು ಬಂದಾಗ. ಮಗು ಅಮೆರಿಕಕ್ಕೆ ಹೊರಟಿದೆ ಎಂಬ ಸುದ್ದಿ ಹೊರಬಿದ್ದ ಕೂಡಲೇ ನಮ್ಮ ಕಡೆಯವರ ಭೂಗೋಳದಲ್ಲಿ ಅಮೆರಿಕ ಒಂದು ಓಣಿಯಾಗಿಬಿಡುತ್ತದೆ. ಸಿಯಾಟಲ್ಲಿನ ಮಗನಿಗೆ ಚಕ್ಕುಲಿ, ಬಾಸ್ಟನ್ನಿನ ಸೊಸೆಗೆ ಸೀಮಂತದ ಸೀರೆ, ಇನ್ನೆಲ್ಲೋ ಇರುವ ಭಾವಮೈದುನನಿಗೆ ಹರಳೆಣ್ಣೆ. “ನಿಮ್ಮ ಮಗಳು ಇಳಿಯೋ ಊರಿಂದ ಅಲ್ಲಿಗೆ ಹತ್ತಿರವಂತೆ, ಬರೀ ಅರ್ಧ ಕೆ.ಜಿ.” ಎನ್ನುತ್ತಾರೆ. ಟೆಕ್ಸಾಸಿನಿಂದ ಸಿಯಾಟಲ್ಲಿಗೆ ವಿಮಾನದಲ್ಲೇ ನಾಲ್ಕು ಗಂಟೆ ಎಂದು ನಾವು ಹೇಳುವಂತಿಲ್ಲ. ಹೇಳಿದರೆ, “ಹಾಗಾದ್ರೆ ಕೊರಿಯರ್ ಮಾಡ್ಲಿ ಬಿಡಿ” ಎಂಬ ಉದಾರ ಸಲಹೆ ಬರುತ್ತದೆ.

ಆ ವಾರವೆಲ್ಲ ರಾಯರು ನಮ್ಮ ಹಜಾರದ ಕುರ್ಚಿಯಲ್ಲಿ ದ್ವಾರಪಾಲಕರಂತೆ ಕೂತರು. ಯಾರು ಪೊಟ್ಟಣ ತಂದರೂ ಎದ್ದು ನಿಂತು ಕೊಕ್ಕೆಗೆ ಸಿಕ್ಕಿಸಿ, “ಅರ್ಧ ಕೆ.ಜಿ. ಅಂದಿರಿ, ಒಂದೂ ಮುಕ್ಕಾಲು ಇದೆ. ಜಾಗ ಇಲ್ಲ” ಎನ್ನುತ್ತಿದ್ದರು. ಬಂದವರು ನನ್ನ ಕಡೆ ನೋಡಿದರೆ ನಾನು ರಾಯರ ಕಡೆ ನೋಡುತ್ತಿದ್ದೆ. ಅವರು ಚಾವಣಿ ನೋಡುತ್ತಿದ್ದರು. ನೆಂಟರು ಬೈದುಕೊಂಡು ಹೋದದ್ದು ರಾಯರನ್ನು. ನಂಟು ಉಳಿದದ್ದು ನಮ್ಮದು. ನಿಲ್ದಾಣದಲ್ಲಿ, “ಈ ಪೆಟ್ಟಿಗೆ ನೀವೇ ತುಂಬಿದ್ದಾ?” ಎಂದು ಕೇಳುತ್ತಾರೆ. ಹೌದು ಎನ್ನಬೇಕು. ಇಡೀ ಬೀದಿ ಸೇರಿ ತುಂಬಿದ್ದು ಎಂದರೆ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ.

ತೂಕ ಹಾಕುವುದು ನಮ್ಮಲ್ಲಿ ಐದು ಸಲ ನಡೆಯಿತು. ಹಜಾರದಲ್ಲಿ ಉಯ್ಯಾಲೆಗೆಂದು ಬಿಟ್ಟ ಕೊಂಡಿ ಇದೆ. ಮಗಳು ದೊಡ್ಡವಳಾದ ಮೇಲೆ ಉಯ್ಯಾಲೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆವು. ಆ ಕೊಂಡಿಗೆ ರಾಯರ ಸ್ಪ್ರಿಂಗ್ ತಕ್ಕಡಿ ನೇತುಬಿತ್ತು. ನಾನು ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಸಿಕ್ಕಿಸಬೇಕು. ರಾಯರು ಸ್ಟೂಲು ಹತ್ತಿ, ಕನ್ನಡಕ ಹಣೆಗೇರಿಸಿ, ಮುಳ್ಳು ನೋಡಿ ಸಂಖ್ಯೆ ಸಾರಬೇಕು. ಅವರೊಬ್ಬರಿಗೇ ಕಾಣುವುದು. ಗರ್ಭಗುಡಿಯಲ್ಲಿ ಅರ್ಚಕರಿಗೆ ಕಂಡದ್ದು ನಮಗೆ ಕಂಡೀತೇ?

“ಇಪ್ಪತ್ತಾರೂವರೆ!”

ಜಮಖಾನಕ್ಕೆ ಒಂದಷ್ಟು ಇಳಿದವು.

“ಇಪ್ಪತ್ತನಾಲ್ಕು ಎಂಟುನೂರು!”

ಮತ್ತಷ್ಟು ಇಳಿದವು. ಪ್ರತಿ ಇಳಿತದಲ್ಲೂ ಹೆಂಡತಿಯ ಮುಖ ಪೆಟ್ಟಿಗೆಗಿಂತ ಹೆಚ್ಚು ಇಳಿಯುತ್ತಿತ್ತು. “ತುಲಾಭಾರದ ಕಥೆ ಗೊತ್ತಲ್ಲ ತಾಯಿ. ಸತ್ಯಭಾಮೆಯ ಒಡವೆ ಎಲ್ಲ ಹೇರಿದ್ರೂ ಅಲ್ಲಾಡದ ತಕ್ಕಡಿ ರುಕ್ಮಿಣಿಯ ಒಂದು ತುಲಸಿದಳಕ್ಕೆ ವಾಲಿತು. ಪ್ರತಿ ಪೆಟ್ಟಿಗೇಲೂ ಅಂಥ ಒಂದು ತುಲಸಿದಳ ಇರತ್ತೆ. ಅದು ಯಾವುದು ಅಂತ ಹುಡುಕೋಣ” ಎಂದು ಸಮಾಧಾನ ಹೇಳಿದರು ರಾಯರು.

ಆ ದಿನದ ತುಲಸಿದಳ ಎರಡು ಕಿಲೋ ಅಪ್ಪೆಮಿಡಿ ಎಂದು ತೀರ್ಮಾನವಾಯಿತು. ಅದು ಪೆಟ್ಟಿಗೆಯಿಂದ ಎದ್ದು ವಾಪಸ್ ಚೀಲಕ್ಕೆ ಇಳಿಯಿತು. ಜೊತೆಗೆ ಅರ್ಧ ಬಿಸಿಬೇಳೆ ಪುಡಿ, ತೇಂಗೊಳಲು, ಸಂಡಿಗೆ. “ನಮ್ಮನೇಲಿ ಜೋಪಾನವಾಗಿರತ್ತೆ, ಮುಂದಿನ ಸಲ ಹೋಗೋರ ಕೈಲಿ ಕಳಿಸೋಣ” ಎಂದರು. ಬೀದಿಯಲ್ಲಿ ಇದರ ಬಗ್ಗೆ ಮೆಲ್ಲಗೆ ಒಂದು ಮಾತಿದೆ. ರಾಯರ ಮನೆಯವರು ಅಂಗಡಿಯಿಂದ ಸಾರಿನ ಪುಡಿ ತಂದದ್ದನ್ನು ಇತ್ತೀಚೆಗೆ ಯಾರೂ ಕಂಡಿಲ್ಲ. ಯಾರ ಮನೆಯ ಉಪ್ಪಿನಕಾಯಿಗೆ ಒಳ್ಳೆಯ ಹೆಸರಿದೆಯೋ ಆ ಮನೆಯ ಪೆಟ್ಟಿಗೆಯೇ ಹೆಚ್ಚು ತೂಗುತ್ತದೆ ಎಂದೂ ಹೇಳುತ್ತಾರೆ. ನಾನು ಅದನ್ನು ನಂಬಿರಲಿಲ್ಲ.

ಮಗಳಿಗೆ ಸಂಶಯ ಬಂತು. ಆನ್‌ಲೈನಿನಲ್ಲಿ ಒಂದು ಡಿಜಿಟಲ್ ತಕ್ಕಡಿ ತರಿಸಿದಳು. ರಾಯರ ತಕ್ಕಡಿ 23 ಎಂದ ಪೆಟ್ಟಿಗೆಯನ್ನು ಅದು 22.1 ಎಂದಿತು. ರಾಯರು ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ವಾಪಸ್ ಕೊಟ್ಟರು. “ಬ್ಯಾಟರಿ ತಕ್ಕಡಿಗೆ ಮುಲಾಜು ಜಾಸ್ತಿ ಮಗೂ. ಯಜಮಾನರ ಮುಖ ನೋಡಿ ಹೇಳತ್ತೆ.”

ಜಗಳ ಬೇಡವೆಂದು ನಾನು ಮನೆಯ ಕಾಲ್ತಕ್ಕಡಿ ತಂದೆ. ಮೊದಲು ನಾನು ನಿಲ್ಲುವುದು, ಆಮೇಲೆ ಪೆಟ್ಟಿಗೆ ಹಿಡಿದು ನಿಲ್ಲುವುದು, ಎರಡನೆಯದರಿಂದ ಮೊದಲನೆಯದನ್ನು ಕಳೆಯುವುದು. ಆದರೆ ನಾನು ಒಬ್ಬನೇ ನಿಂತಾಗ ಬಂದ ಸಂಖ್ಯೆಯಲ್ಲೇ ಎಲ್ಲರ ಗಮನ ಸಿಕ್ಕಿಬಿತ್ತು. ಪೆಟ್ಟಿಗೆಯ ಹೆಚ್ಚುವರಿ ಮರೆತು ನನ್ನ ಹೆಚ್ಚುವರಿಯ ಬಗ್ಗೆ ಒಂದು ಗಂಟೆ ಚರ್ಚೆಯಾಯಿತು. “ನಿಮ್ಮ ಪುಣ್ಯ, ವಿಮಾನದಲ್ಲಿ ಮನುಷ್ಯರ ತೂಕ ಕೇಳಲ್ಲ” ಎಂದು ರಾಯರು ನನ್ನ ಮಾನ ಉಳಿಸಿದರು. ಸಮೋವಾ ಎಂಬ ದ್ವೀಪದೇಶದ ಒಂದು ಪುಟ್ಟ ವಿಮಾನ ಸಂಸ್ಥೆ 2013ರಲ್ಲಿ ಪ್ರಯಾಣಿಕರನ್ನೇ ತೂಗಿ ಟಿಕೆಟ್ ಕೊಡತೊಡಗಿತ್ತು ಎಂಬುದನ್ನು ಆಮೇಲೆ ನೆನಪಿಸಿಕೊಂಡು ಅದನ್ನೂ ಹೇಳಿದರು. ಅಂದು ರಾತ್ರಿ ನನಗೆ ಎರಡೇ ಚಪಾತಿ.

ಇದೆಲ್ಲದರ ನಡುವೆ ಒಂದು ಕಬ್ಬಿಣದ ಒಗ್ಗರಣೆ ಸೌಟಿನ ಕಥೆ ನಡೆಯುತ್ತಿತ್ತು. ನನ್ನ ಅತ್ತೆ ಬಳಸುತ್ತಿದ್ದ ಸೌಟು, ಮರದ ಹಿಡಿ, ತೂಕ 480 ಗ್ರಾಂ. ಮೊದಲ ದಿನ ರಾಯರು ಅದನ್ನು ಪೆಟ್ಟಿಗೆಯಿಂದ ಹೊರಗಿಟ್ಟರು. “ಅಲ್ಲಿ ಒಗ್ಗರಣೆ ಹಾಕಿದ್ರೆ ಹೊಗೆ ಗಂಟೆ ಕೂಗ್ಕೊಳತ್ತೆ ತಾಯಿ, ಬೇಡ.” ಎರಡನೆಯ ದಿನ ಅದು ಚೂಡಿದಾರದ ಮಡಿಕೆಯಲ್ಲಿ ಸಿಕ್ಕಿತು. ಮೂರನೆಯ ದಿನ ರಜಾಯಿಯೊಳಗೆ. ನಾಲ್ಕನೆಯ ದಿನ ನನ್ನ ಹೆಂಡತಿಯೂ ರಾಯರೂ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳೇ ಸೌಟನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಐದನೆಯ ಸಲ ಎರಡೂ ಪೆಟ್ಟಿಗೆ ಸರಿಯಾಗಿ 23 ಎಂದು ಸಾರಿ, ರಾಯರು ಜಿಪ್ಪು ಎಳೆದು, ಹಿಡಿಗೆ ಕೆಂಪು ರಿಬ್ಬನ್ನು ಕಟ್ಟಿದರು.

ಹೊರಟದ್ದು ಮಾರನೆಯ ರಾತ್ರಿ. ಒಬ್ಬಳು ಹೋಗಲು ಏಳು ಜನ, ಒಂದು ಇನ್ನೋವಾ. ಮೂಲೆಯಲ್ಲಿ ವಾಪಸ್ ಚೀಲ ತೊಡೆಯ ಮೇಲಿಟ್ಟುಕೊಂಡು ರಾಯರು. ಮಗಳ ಮೈಮೇಲೆ ಟೆಕ್ಸಾಸಿನ ಬಿಸಿಲಿಗೂ ಬೆಂಗಳೂರಿನ ಆಗಸ್ಟಿಗೂ ಬೇಡದ ಚಳಿಕೋಟು. ಮೈಮೇಲಿರುವುದನ್ನು ತೂಗುವುದಿಲ್ಲವಲ್ಲ. ಕೋಟಿನ ಒಂದು ಜೇಬಿನಲ್ಲಿ ಕುಕ್ಕರಿನ ವಿಷಲ್ಲು, ಇನ್ನೊಂದರಲ್ಲಿ ಎರಡು ಚಾರ್ಜರು. ಬನಶಂಕರಿಯಿಂದ ದೇವನಹಳ್ಳಿಗೆ ಹೋಗುವಷ್ಟರಲ್ಲಿ ಮಗು ಅರ್ಧ ಬೆಂದಿತ್ತು. “ಎಚ್‌ಎಎಲ್ ನಿಲ್ದಾಣ ಇದ್ದಾಗ ಮರೆತದ್ದನ್ನ ಆಟೋದಲ್ಲಿ ಹೋಗಿ ತರಬಹುದಿತ್ತು. 2008ರಲ್ಲಿ ಇಲ್ಲಿಗೆ ಬಂದ ಮೇಲೆ ಮರೆತದ್ದು ಮರೆತ ಹಾಗೆ” ಎಂದು ರಾಯರು ಹೆಬ್ಬಾಳದ ಹತ್ತಿರ ಒಮ್ಮೆ, ಯಲಹಂಕದ ಹತ್ತಿರ ಒಮ್ಮೆ ಹೇಳಿದರು. ಟರ್ಮಿನಲ್ 2ರ ಗಾಜಿನಾಚೆ ತೂಗುವ ಗಿಡಗಳನ್ನು ತೋರಿಸಿ ಮಗಳು, “ಎಷ್ಟು ಚೆನ್ನಾಗಿದೆ ಅಲ್ವಾ ಅಂಕಲ್?” ಎಂದಳು. ರಾಯರು ಕಣ್ಣು ಕಿರಿದು ಮಾಡಿ, “ಒಂದೊಂದು ಕುಂಡ ಎಂಟು ಕಿಲೋ ಇರಬಹುದು” ಎಂದರು.

ಟಿಕೆಟ್ ಇದ್ದವರಿಗಷ್ಟೇ ಒಳಗೆ ಪ್ರವೇಶ. ಮಗಳು ಒಳಗೆ ಹೋದಳು. ರಾಯರ ನಿಯಮದಂತೆ, ಪೆಟ್ಟಿಗೆ ಬೆಲ್ಟಿನ ಮೇಲೆ ಹೋಯಿತು ಎಂಬ ಫೋನು ಬರುವವರೆಗೆ ಯಾರೂ ಕದಲುವಂತಿಲ್ಲ. ಹೆಚ್ಚಾದದ್ದನ್ನು ಮಗು ಬಾಗಿಲಿಗೆ ತಂದುಕೊಟ್ಟರೆ ತೆಗೆದುಕೊಳ್ಳಲು ಚೀಲ ಬಿಚ್ಚಿ ಹಿಡಿದು ನಿಂತಿರಬೇಕು. ನಾವು ನಿಂತೆವು. ಹೆಂಡತಿ ಮಾತ್ರ ಚೂರು ಹೆಚ್ಚೇ ಚಡಪಡಿಸುತ್ತಿದ್ದಳು.

ಮುಕ್ಕಾಲು ಗಂಟೆಗೆ ಫೋನು ಬಂತು. “ಅಪ್ಪಾ, ಆಯ್ತು. ಒಂದು 22, ಇನ್ನೊಂದು 22.9.”

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಸೌಟು. ಮತ್ತೆ ಒಂದು ಚಿಕ್ಕ ಬಾಟಲಿ ಮಿಡಿ. ರಾತ್ರಿ ನೀವು ಮಲಗಿದ ಮೇಲೆ” ಎಂದಳು. ರಾಯರಿಗೆ ಕೇಳಿಸಿತೋ ಇಲ್ಲವೋ. ಅವರು ವಾಪಸ್ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸೇರಿಸಿ, “ಬನ್ನಿ, ಕಾಫಿ ಕುಡಿಯೋಣ” ಎಂದು ಮುಂದೆ ನಡೆದರು.

ಗೌರಿ ಗಣೇಶ ಹಬ್ಬದ ಹೊತ್ತಿಗೆ ಒಂದು ದಿನ ಅವರ ಮನೆಗೆ ಹೋಗಿದ್ದೆ. ಊಟದ ಹೊತ್ತು. ರಾಯರ ಹೆಂಡತಿ ಬಲವಂತ ಮಾಡಿ ಎಲೆ ಹಾಕಿ ಮೊಸರನ್ನ ಬಡಿಸಿದರು. ಪಕ್ಕಕ್ಕೆ ಒಂದು ಉಪ್ಪಿನಕಾಯಿ. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು: ಸಾಗರ. ನಮ್ಮ ಮನೆಯದೇ. ಬೀದಿಯ ಮಾತು ಸುಳ್ಳಲ್ಲ ಎಂದುಕೊಂಡು ತಲೆ ಎತ್ತಿದರೆ ಎದುರಿನ ಗೋಡೆಯ ಮೊಳೆಯಲ್ಲಿ ಸ್ಪ್ರಿಂಗ್ ತಕ್ಕಡಿ ನೇತಾಡುತ್ತಿತ್ತು. ಕೊಕ್ಕೆಯಲ್ಲಿ ಏನೂ ಇರಲಿಲ್ಲ. ಮುಳ್ಳು ಒಂದರ ಮೇಲಿತ್ತು.

ರಾಯರು ನಾನು ನೋಡಿದ್ದನ್ನು ನೋಡಿದರು.

“ಕಂಡುಬಿಡ್ತಾ? ತಿರುಪು ಇದೆ ಮೇಲೆ. ನಾನೇ ತಿರುಗಿಸಿ ಇಟ್ಟಿದೀನಿ. 1998ರಲ್ಲಿ ಮಗ ಹೋದ. ಆಗ ಬೊಂಬಾಯಿಗೆ ಹೋಗಿ ಹತ್ತಿಸಬೇಕಿತ್ತು. ಒಂದೊಂದು ಪೆಟ್ಟಿಗೆಗೆ 32 ಕಿಲೋ ಬಿಡ್ತಿದ್ರು. ನಾನು ಪಾರ್ಸೆಲ್ ಬಾಬು, ಗ್ರಾಂ ಬಿಡದ ಹಾಗೆ ಸರಿಯಾಗಿ 32ಕ್ಕೆ ಕಟ್ಟಿದೆ. ನಾನು ಮಲಗಿದ ಮೇಲೆ ಇವಳು ಒಂದು ಡಬ್ಬ ಕೊಬ್ಬರಿ ಮಿಠಾಯಿ ಸೇರಿಸಿದ್ಲು. ಕೌಂಟರಿನಲ್ಲಿ ಮುಕ್ಕಾಲು ಕಿಲೋ ಹೆಚ್ಚು ಬಂತಂತೆ. ಹುಡುಗನಿಗೆ ಹೊತ್ತಿಲ್ಲ, ಜಿಪ್ಪು ತೆಗೆದ್ರೆ ಮೇಲೆ ಸಿಕ್ಕಿದ್ದೇ ಅದು. ಬಾಗಿಲಿಗೆ ಬಂದು ಡಬ್ಬ ಇವಳ ಕೈಗೆ ಕೊಟ್ಟು ಓಡಿದ. ವಾಪಸ್ ಉದ್ಯಾನ್ ಎಕ್ಸ್‌ಪ್ರೆಸ್ಸು. ಇಪ್ಪತ್ನಾಲ್ಕು ಗಂಟೆ ದಾರಿ, ಡಬ್ಬ ತೊಡೆ ಮೇಲೆ ಇಟ್ಕೊಂಡು ಕೂತಿದ್ಲು. ಗುಂತಕಲ್ಲು ದಾಟಿದ ಮೇಲೆ ಮುಚ್ಚಳ ತೆಗೆದು ನನಗೊಂದು ತುಂಡು ಕೊಟ್ಲು. ಮಾತಾಡ್ಲಿಲ್ಲ. ಊರಿಗೆ ಬಂದ ದಿನವೇ ತಿರುಪು ತಿರುಗಿಸಿದೆ. ಎಷ್ಟು ಮನೆ ಪೆಟ್ಟಿಗೆ ಕಟ್ಟಿದೀನಿ ಸ್ವಾಮಿ, ಜಿಪ್ಪು ಹಾಕಿದ ಮೇಲೆ ತೂಕ ಏರದ ಪೆಟ್ಟಿಗೆ ಒಂದೂ ಕಂಡಿಲ್ಲ.”

ಒಳಗೆ ಮಜ್ಜಿಗೆ ಕಡೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. “ಅಂದರೆ ರಾಯರೇ, ಎರಡು ಪೆಟ್ಟಿಗೇಲೂ ಒಂದೊಂದು ಕಿಲೋ ಜಾಗ ಇತ್ತು. ಆ ಎರಡು ಕಿಲೋ ಮಿಡಿ ತೆಗೆಸಬೇಕಾಗೇ ಇರಲಿಲ್ಲ!”

ರಾಯರು ಇನ್ನೊಂದು ಮಿಡಿಯನ್ನು ನನ್ನ ಎಲೆಗೆ ಹಾಕಿದರು. “ಊಟ ಮಾಡಿ ಸ್ವಾಮಿ, ಮೊಸರನ್ನ ಆರಿಹೋಗತ್ತೆ.”

ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿದ್ದರೆ ಬೇರೆ ಸಲಹೆ ಏನೂ ಬೇಡ, ಪೆಟ್ಟಿಗೆಯನ್ನು 22ಕ್ಕೆ ಕಟ್ಟಿ, ದೀಪ ಆರಿಸಿ, ಬೇಗ ಮಲಗಿ. ಉಳಿದ ಒಂದು ಕಿಲೋ ನಿಮ್ಮದಲ್ಲ. ಉಪ್ಪಿನಕಾಯಿ ಮಾತ್ರ ತಕ್ಕಡಿ ತಂದವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.